ಜುಲೈಗೆ ಮುಗಿಯುವ ದಾಖಲೆ: ಕಾರ್ನ್‌ವಾಲ್ ಕರಾವಳಿಯ ಒಂದು ರಜಾಮನೆಯ ಗ್ಯಾಸ್ ತಪಾಸಣೆ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್‌ನ ಉತ್ತರ ಕರಾವಳಿಯಲ್ಲಿ, ಪೋರ್ಟ್ ಐಸಕ್‌ನಿಂದ ಬಹಳ ದೂರವಿಲ್ಲದ ಒಂದು ಹಳ್ಳಿಯ ರಜಾಮನೆಯಲ್ಲಿ ವಾರ್ಷಿಕ ಗ್ಯಾಸ್ ತಪಾಸಣೆ ತಪ್ಪಿಹೋಗುವ ಹಂತಕ್ಕೆ ಬಂದು ಕೊನೆಗೆ ಹೇಗೆ ನಡೆಯಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಮನೆಯ ಮಾಲೀಕರು ಬ್ರಿಸ್ಟಲ್‌ನಲ್ಲಿ ನೆಲೆಸಿರುವ ಕನ್ನಡಿಗ ವೈದ್ಯ ದಂಪತಿ. ಕಟ್ಟಡಗಳ ತಾಪನ ವ್ಯವಸ್ಥೆಗೆ ಸಂಬಂಧಿಸಿದ ಕೆಲಸ ಮಾಡುವವನೆಂಬ ಕಾರಣಕ್ಕೆ ಅವರು ಈ ಪ್ರಕರಣದ ಕಾಗದಪತ್ರಗಳನ್ನು ನನಗೆ ತೋರಿಸಿದರು. ಗುರುತು ಸಿಗಬಾರದೆಂದು ಹಳ್ಳಿಯ ಹೆಸರನ್ನು ಬಿಟ್ಟಿದ್ದೇನೆ, ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಒಂದು ಕಾಲದಲ್ಲಿ ಮೀನುಗಾರರದಾಗಿದ್ದ ಆ ಮನೆಗೆ ದಪ್ಪ ಕಲ್ಲಿನ ಗೋಡೆಗಳೂ ಸ್ಲೇಟ್ ಕಲ್ಲಿನ ಮಾಡೂ ಇವೆ. ಅಲ್ಲಿಗೆ ಪೈಪ್‌ಲೈನ್ ಗ್ಯಾಸ್ ಬಂದಿಲ್ಲ. ಕಾರ್ನ್‌ವಾಲ್‌ನ ಬಹಳಷ್ಟು ಕರಾವಳಿ ಹಳ್ಳಿಗಳಲ್ಲಿಯೂ ಇದೇ ಸ್ಥಿತಿ. ಮನೆಯ ಹಿಂಬದಿಯ ಕಿರಿದಾದ ಓಣಿಯಲ್ಲಿ 47 ಕಿಲೋ ಗ್ಯಾಸ್ ಹಿಡಿಸುವ ನಾಲ್ಕು ಪ್ರೊಪೇನ್ ಸಿಲಿಂಡರ್‌ಗಳು ಸಾಲಾಗಿ ನಿಂತಿದ್ದು, ಎರಡು ಖಾಲಿಯಾದ ಕೂಡಲೇ ಉಳಿದೆರಡಕ್ಕೆ ತಾನಾಗಿಯೇ ಬದಲಾಗುವ ರೆಗ್ಯುಲೇಟರ್ ಗೋಡೆಯ ಮೇಲಿದೆ. ಅದರಿಂದ ಹೊರಟ ಕೊಳವೆಯು ಅಡುಗೆಮನೆಯ ಒಲೆಗೆ, ಬಿಸಿನೀರನ್ನೂ ಕೋಣೆಗಳ ಕಾವನ್ನೂ ಕೊಡುವ ಬಾಯ್ಲರ್‌ಗೆ, ಕುಳಿತುಕೊಳ್ಳುವ ಕೋಣೆಯ ಹಳೆಯ ಅಗ್ಗಿಷ್ಟಿಕೆಯಲ್ಲಿ ಕೂರಿಸಿದ, ಕೋಣೆ ಬೆಚ್ಚಗಿಡುವ 'ಗ್ಯಾಸ್ ಬೆಂಕಿ' ಎಂಬ ಉಪಕರಣಕ್ಕೆ ಹೋಗುತ್ತದೆ. ಈಸ್ಟರ್‌ನಿಂದ ಅಕ್ಟೋಬರ್ ಕೊನೆಯ ಶಾಲಾ ರಜೆಯವರೆಗೆ ಬಾಡಿಗೆ ಏಜೆನ್ಸಿಯೊಂದರ ಮೂಲಕ ಮನೆಯನ್ನು ಶನಿವಾರದಿಂದ ಶನಿವಾರಕ್ಕೆ ವಾರದ ಲೆಕ್ಕದಲ್ಲಿ ಕೊಡುತ್ತಾರೆ.

ದಂಪತಿ ಮನೆ ಕೊಂಡಾಗ ಹಿಂದಿನ ಮಾಲೀಕರು ಕೊಟ್ಟ ಕಾಗದಗಳಲ್ಲಿ ಗ್ಯಾಸ್ ಸುರಕ್ಷತಾ ದಾಖಲೆಯೂ ಇತ್ತು, ಅದರ ಅವಧಿ ಜುಲೈ ಮಧ್ಯಕ್ಕೆ ಮುಗಿಯುವುದಿತ್ತು. ಮನೆಯ ನಿರ್ವಹಣೆಯನ್ನು ಏಜೆನ್ಸಿಗೆ ಒಪ್ಪಿಸಿದ ಮೇಲೆ ಇದನ್ನೂ ಅವರೇ ನೋಡಿಕೊಳ್ಳುತ್ತಾರೆಂದು ದಂಪತಿ ಭಾವಿಸಿದ್ದರು. ಈ ಭಾವನೆ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಶಿವಮೊಗ್ಗದ ಅವರ ತವರಿನಲ್ಲಿ 14.2 ಕಿಲೋ ಸಿಲಿಂಡರ್ ಮನೆಬಾಗಿಲಿಗೆ ಬರುತ್ತದೆ, ಸೋರಿದರೆ ಏಜೆನ್ಸಿಗೆ ಫೋನ್ ಮಾಡಿದರೆ ಆಯಿತು, ಯಾರೋ ಬಂದು ನೋಡುತ್ತಾರೆ. ಗ್ಯಾಸ್ ಕೊಟ್ಟವನೇ ಗ್ಯಾಸಿನ ಹೊಣೆಗಾರ ಎಂಬ ರೂಢಿ ಮನಸ್ಸಿನಲ್ಲಿ ಬೇರೂರಿರುತ್ತದೆ. ಬ್ರಿಟನ್ನಿನಲ್ಲಿ ಹಾಗಲ್ಲ. 1998ರ ಗ್ಯಾಸ್ ಸುರಕ್ಷತಾ ನಿಯಮಾವಳಿಯ 36ನೇ ನಿಯಮದ ಪ್ರಕಾರ, ಬಾಡಿಗೆಗೆ ಕೊಟ್ಟ ಮನೆಯ ಗ್ಯಾಸ್ ಉಪಕರಣಗಳನ್ನೂ ಹೊಗೆಕೊಳವೆಗಳನ್ನೂ ಹನ್ನೆರಡು ತಿಂಗಳಿಗೊಮ್ಮೆ ಅರ್ಹ ಎಂಜಿನಿಯರ್‌ನಿಂದ ಪರೀಕ್ಷಿಸಿ ದಾಖಲೆ ಪಡೆಯುವುದು ಮನೆ ಬಾಡಿಗೆಗೆ ಕೊಟ್ಟವರ ಹೊಣೆ. ರಜಾಮನೆಗಳೂ ಈ ನಿಯಮಕ್ಕೆ ಒಳಪಡುತ್ತವೆ. ಏಜೆನ್ಸಿಯೊಂದು ಈ ಕೆಲಸವನ್ನು ವಹಿಸಿಕೊಳ್ಳಬಹುದಾದರೂ ಕರಾರಿನಲ್ಲಿ ಹಾಗೆಂದು ಸ್ಪಷ್ಟವಾಗಿ ಬರೆದಿರಬೇಕು. ಇವರ ಕರಾರಿನಲ್ಲಿದ್ದದ್ದು ತದ್ವಿರುದ್ಧವಾದ ಮಾತು: ಊರ್ಜಿತ ದಾಖಲೆಯನ್ನು ಮಾಲೀಕರೇ ಒದಗಿಸತಕ್ಕದ್ದು.

ಜೂನ್ ಕೊನೆಯಲ್ಲಿ ಏಜೆನ್ಸಿಯಿಂದ ಪತ್ರ ಬಂತು. ದಾಖಲೆ ನವೀಕರಿಸದಿದ್ದರೆ ಜುಲೈ ಮಧ್ಯದ ನಂತರದ ಅತಿಥಿಗಳನ್ನು ಬೇರೆ ಮನೆಗಳಿಗೆ ವರ್ಗಾಯಿಸಿ, ಅದರಿಂದಾಗುವ ನಷ್ಟವನ್ನು ಮಾಲೀಕರ ಲೆಕ್ಕಕ್ಕೆ ಬರೆಯಲಾಗುವುದೆಂದು ಅದರಲ್ಲಿ ಹೇಳಲಾಗಿತ್ತು. ಪತ್ರದ ಧಾಟಿ ಕಟುವಾಗಿತ್ತೆಂದು ದಂಪತಿ ಈಗಲೂ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಪತ್ರ ಎರಡು ತಿಂಗಳು ಮೊದಲೇ ಬರಬೇಕಿತ್ತು ಎಂಬುದನ್ನು ಬಿಟ್ಟರೆ ಅದರಲ್ಲಿ ದೋಷವಿಲ್ಲ.

ಹುಡುಕಾಟ ಶುರುವಾದದ್ದು ಸರಿಯಾದ ಜಾಗದಿಂದಲೇ. ಬ್ರಿಟನ್ನಿನಲ್ಲಿ ಗ್ಯಾಸ್ ಉಪಕರಣಗಳ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬರೂ ಗ್ಯಾಸ್ ಸೇಫ್ ರಿಜಿಸ್ಟರ್ ಎಂಬ ಅಧಿಕೃತ ಪಟ್ಟಿಯಲ್ಲಿರಬೇಕು. 2009ರ ಏಪ್ರಿಲ್ 1ರಂದು ಇದು ಹಳೆಯ ಕಾರ್ಗಿ ನೋಂದಣಿಯ ಸ್ಥಾನಕ್ಕೆ ಬಂತು. ಅಂಚೆ ಸಂಖ್ಯೆ ಕೊಟ್ಟು ಹುಡುಕಿದಾಗ ಸುತ್ತಮುತ್ತಲ ಸಂಸ್ಥೆಗಳ ದೊಡ್ಡ ಪಟ್ಟಿಯೇ ತೆರೆದುಕೊಂಡಿತು. ಅದರಲ್ಲಿ ಹತ್ತಿರವಿದ್ದವರಿಗೆ ಕ್ರಮವಾಗಿ ಫೋನ್ ಮಾಡುತ್ತಾ ಹೋದ ದಂಪತಿಗೆ ಸಿಕ್ಕ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ನಾವು ಎಲ್‌ಪಿಜಿ ಮುಟ್ಟುವುದಿಲ್ಲ. ಹೊರಗಿನವರಿಗೆ ಇದು ನೆಪವೆಂದು ತೋರಬಹುದು. ವಾಸ್ತವದಲ್ಲಿ ನೈಸರ್ಗಿಕ ಅನಿಲ ಮತ್ತು ಪ್ರೊಪೇನ್ ಎರಡಕ್ಕೂ ಪ್ರತ್ಯೇಕ ಅರ್ಹತೆ ಬೇಕು. ಕೊಳವೆಯಲ್ಲಿ ಬರುವ ಅನಿಲ ಸುಮಾರು 21 ಮಿಲಿಬಾರ್ ಒತ್ತಡದಲ್ಲಿ ಉರಿಯುತ್ತದೆ ಮತ್ತು ಸೋರಿದರೆ ಗಾಳಿಗಿಂತ ಹಗುರವಾದ್ದರಿಂದ ಮೇಲೇರುತ್ತದೆ. ಪ್ರೊಪೇನ್ 37 ಮಿಲಿಬಾರ್ ಒತ್ತಡದಲ್ಲಿ ಉರಿಯುತ್ತದೆ ಮತ್ತು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ನೆಲಕ್ಕಿಳಿದು ಚರಂಡಿ, ನೆಲಮಾಳಿಗೆ, ತಗ್ಗುಗಳಲ್ಲಿ ಶೇಖರವಾಗುತ್ತದೆ. ಒಂದನ್ನು ಬಲ್ಲವನು ಇನ್ನೊಂದನ್ನೂ ಬಲ್ಲನೆಂದು ಭಾವಿಸುವಂತಿಲ್ಲ.

ಎಲ್‌ಪಿಜಿ ಅರ್ಹತೆಯಲ್ಲಿಯೂ ಒಳಭೇದಗಳಿವೆ, ದಂಪತಿ ಎಡವಿದ್ದು ಇಲ್ಲಿಯೇ. ಶಾಶ್ವತ ಕಟ್ಟಡದ ಮನೆ, ಪಾರ್ಕ್ ಹೋಮ್ (ಕಾಯಂ ವಾಸಕ್ಕೆ ಬಳಸುವ, ಸಾಗಿಸಬಹುದಾದ ಮನೆ), ರಜಾ ಕಾರವಾನ್ (ಗಾಲಿಮನೆ), ದೋಣಿ—ಇವು ನಾಲ್ಕಕ್ಕೂ ಬೇರೆ ಬೇರೆ ಅರ್ಹತೆ ಇರುತ್ತದೆ. ಕಾರ್ನ್‌ವಾಲ್ ಕರಾವಳಿಯಲ್ಲಿ ಕಾರವಾನ್ ತಂಗುದಾಣಗಳು ಬಹಳ. ಆದ್ದರಿಂದ ಎಲ್‌ಪಿಜಿ ಬಲ್ಲ ಎಂಜಿನಿಯರ್‌ಗಳಲ್ಲಿ ಕೆಲವರು ಬರೀ ಕಾರವಾನ್‌ಗಳ ಕೆಲಸದಲ್ಲಿಯೇ ಇರುತ್ತಾರೆ. ದಂಪತಿ ಫೋನಿನಲ್ಲಿ ಎಲ್‌ಪಿಜಿ ಮಾಡುತ್ತೀರಾ ಎಂದು ಕೇಳಿದರೇ ಹೊರತು ಕಲ್ಲಿನ ಮನೆ, ತೆರೆದ ಹೊಗೆಗೂಡಿನ ಬೆಂಕಿ, ಬಾಯ್ಲರ್ ಎಂದು ವಿವರ ಹೇಳಲಿಲ್ಲ. ಹಾಗೆ ಒಪ್ಪಿಕೊಂಡು ಬಂದ ಒಬ್ಬರು ಬಾಗಿಲಲ್ಲೇ ಮನೆಯನ್ನು ನೋಡಿ, ತಮ್ಮ ಕಾರ್ಡಿನ ಹಿಂಬದಿಯನ್ನು ತೋರಿಸಿ, ತಮಗೆ ಇಲ್ಲಿ ಸಹಿ ಮಾಡುವ ಅಧಿಕಾರವಿಲ್ಲವೆಂದು ಹೇಳಿ, ಬಂದುಹೋದ ಖರ್ಚನ್ನಷ್ಟೇ ಪಡೆದು ಹಿಂದಿರುಗಿದರು. ಅವರು ಪ್ರಾಮಾಣಿಕರು. ಗ್ಯಾಸ್ ಸೇಫ್ ಗುರುತಿನ ಚೀಟಿಯ ಮುಂಭಾಗದಲ್ಲಿ ಭಾವಚಿತ್ರ, ಪರವಾನಗಿ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುತ್ತವೆ. ಹಿಂಭಾಗದಲ್ಲಿ ಆ ವ್ಯಕ್ತಿ ಯಾವ ಯಾವ ಕೆಲಸಗಳಿಗೆ ಅರ್ಹನೆಂಬ ವಿವರ ಇರುತ್ತದೆ. ಜನ ಮುಂಭಾಗ ನೋಡಿ ತೃಪ್ತರಾಗುತ್ತಾರೆ. ಕೆಲಸಕ್ಕೆ ಬೇಕಾದದ್ದು ಹಿಂಭಾಗ.

ಇನ್ನು ಸಮಯದ ಪ್ರಶ್ನೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಒಂದು ಕುಟುಂಬ ಹೊರಡುತ್ತದೆ, ಸಂಜೆ ನಾಲ್ಕಕ್ಕೆ ಇನ್ನೊಂದು ಬರುತ್ತದೆ. ಜುಲೈನಲ್ಲಿ ಮನೆ ಖಾಲಿ ಇರುವುದು ಆ ಆರು ಗಂಟೆ ಮಾತ್ರ, ಅದರಲ್ಲಿಯೇ ಮನೆ ಗುಡಿಸಿ ಒರೆಸಿ ಹಾಸಿಗೆ ಹೊದಿಕೆ ಬದಲಿಸುವ ಕೆಲಸವೂ ನಡೆಯಬೇಕು. ಇಡೀ ಕರಾವಳಿಯ ರಜಾಮನೆಗಳೆಲ್ಲ ಹೆಚ್ಚುಕಡಿಮೆ ಅದೇ ಆರು ಗಂಟೆಗಳಲ್ಲಿ ಖಾಲಿಯಾಗುವುದರಿಂದ, ಪ್ರತಿ ಮಾಲೀಕರೂ ಎಂಜಿನಿಯರ್‌ನನ್ನು ಅದೇ ಹೊತ್ತಿಗೆ ಕೇಳುತ್ತಾರೆ. ಮೇಲಾಗಿ, ಬೇಸಿಗೆಯ ಶನಿವಾರ ಎತ್ತರದ ಬೇಲಿಗಳ ನಡುವಿನ ಒಂದೇ ಗಾಡಿ ಹಿಡಿಸುವ ರಸ್ತೆಗಳಲ್ಲಿ ಹೋಗುವ ಪ್ರವಾಸಿಗರೂ ಬರುವ ಪ್ರವಾಸಿಗರೂ ಎದುರುಬದುರಾಗುತ್ತಾರೆ. ಬಂದರಿನ ಹತ್ತಿರ ವ್ಯಾನ್ ನಿಲ್ಲಿಸಲು ಜಾಗವಿರುವುದಿಲ್ಲ. ಉಪಕರಣಗಳ ಪೆಟ್ಟಿಗೆ ಹೊತ್ತು ಇಳಿಜಾರಿನಲ್ಲಿ ನಡೆಯಬೇಕು. ತಪಾಸಣೆಗೆ ಒಂದು ಒಂದೂವರೆ ಗಂಟೆ ಸಾಕಾಗುವಲ್ಲಿ ಅರ್ಧ ದಿನ ಹೋಗುತ್ತದೆಯೆಂದಾದರೆ, ಯಾವ ಕಸುಬುದಾರನೂ ಅದೇ ಅರ್ಧ ದಿನದಲ್ಲಿ ಬಾಯ್ಲರ್ ಒಂದನ್ನು ಅಳವಡಿಸಿ ಹೆಚ್ಚು ಗಳಿಸಲು ನೋಡುತ್ತಾನೆ.

ಇದರ ಹಿಂದೆ ವಸತಿಯ ಪ್ರಶ್ನೆಯೂ ಇದೆ. ಕರಾವಳಿ ಹಳ್ಳಿಗಳ ಮನೆಗಳು ರಜಾಮನೆಗಳೂ ಎರಡನೆಯ ಮನೆಗಳೂ ಆಗಿ ಬೆಲೆ ಏರಿದ ಹಾಗೆ, ಕೊಳಾಯಿ ಮತ್ತು ತಾಪನ ಕೆಲಸದ ಯುವಕರು ಒಳನಾಡಿನ ಪಟ್ಟಣಗಳಿಗೆ ಸರಿದರು. ಸೇಂಟ್ ಐವ್ಸ್ ಪಟ್ಟಣದ ಜನ 2016ರ ಜನಮತಗಣನೆಯಲ್ಲಿ, ಹೊಸದಾಗಿ ಕಟ್ಟುವ ಮನೆಗಳು ಕಾಯಂ ವಾಸಿಗಳಿಗೇ ಮೀಸಲಾಗಬೇಕೆಂದು ಮತ ಹಾಕಿದರು. 2025ರ ಏಪ್ರಿಲ್‌ನಿಂದ ಕಾರ್ನ್‌ವಾಲ್ ಕೌನ್ಸಿಲ್ ಎರಡನೆಯ ಮನೆಗಳ ಮೇಲಿನ ಕೌನ್ಸಿಲ್ ತೆರಿಗೆಯನ್ನು (ಸ್ಥಳೀಯ ಮನೆ ತೆರಿಗೆಯನ್ನು) ದುಪ್ಪಟ್ಟು ಮಾಡಿದೆ. ರಜಾಮನೆಯ ಮಾಲೀಕನೊಬ್ಬ ಊರಿನಲ್ಲಿ ಎಂಜಿನಿಯರ್ ಸಿಗುವುದಿಲ್ಲವೆಂದು ದೂರುವಾಗ, ಆ ಕೊರತೆಗೆ ತನ್ನ ಮನೆಯೂ ಒಂದು ಕಾರಣವೆಂಬುದನ್ನು ಮರೆತಿರುತ್ತಾನೆ. ದಂಪತಿಗೆ ಈ ಮಾತು ಹಿತವಾಗಲಿಲ್ಲ, ಆದರೆ ಅಲ್ಲಗಳೆಯಲೂ ಇಲ್ಲ.

ಎಂಜಿನಿಯರ್ ಸಿಕ್ಕಿದ್ದು ಪಟ್ಟಿಯಿಂದಲ್ಲ, ಶನಿವಾರಗಳಂದು ಮನೆ ಸ್ವಚ್ಛಗೊಳಿಸುವ ಸ್ಥಳೀಯ ಮಹಿಳೆಯಿಂದ. ಅವರು ಅದೇ ಓಣಿಯ ಬೇರೆ ರಜಾಮನೆಗಳಲ್ಲಿಯೂ ಕೆಲಸ ಮಾಡುತ್ತಾರೆ. ಇಪ್ಪತ್ತೆಂಟು ದಿನಕ್ಕಿಂತ ಕಡಿಮೆ ಅವಧಿಗೆ ತಂಗುವ ಅತಿಥಿಗಳಿಗೆ ದಾಖಲೆಯ ಪ್ರತಿಯನ್ನು ಕೈಗೆ ಕೊಡುವ ಬದಲು ಮನೆಯಲ್ಲಿ ಎದ್ದು ಕಾಣುವ ಕಡೆ ತೂಗುಹಾಕಲು ನಿಯಮದಲ್ಲಿ ಅವಕಾಶವಿದೆ. ಹಾಗಾಗಿ ಪಕ್ಕದ ಮನೆಯ ಅಡುಗೆಮನೆಯಲ್ಲಿ ತೂಗುತ್ತಿದ್ದ ದಾಖಲೆಯಲ್ಲಿ ಅಂಥದೇ ಸಿಲಿಂಡರ್ ವ್ಯವಸ್ಥೆಯನ್ನು, ಅಂಥದೇ ಬಾಯ್ಲರ್ ಅನ್ನು ಪರೀಕ್ಷಿಸಿದ ಎಂಜಿನಿಯರ್‌ನ ಹೆಸರು, ಸಹಿ, ನೋಂದಣಿ ಸಂಖ್ಯೆ ಎಲ್ಲವೂ ಇದ್ದವು. ಆ ಸಂಖ್ಯೆಯನ್ನು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹಾಕಿ ನೋಡಿದಾಗ ಎಲ್‌ಪಿಜಿ, ಶಾಶ್ವತ ಮನೆ, ಬಾಯ್ಲರ್, ಒಲೆ, ಗ್ಯಾಸ್ ಬೆಂಕಿ ಎಲ್ಲ ಅರ್ಹತೆಗಳೂ ಚಾಲ್ತಿಯಲ್ಲಿದ್ದವು. ಹೊಸ ಊರಿನಲ್ಲಿ ಎಂಜಿನಿಯರ್ ಹುಡುಕುವವರಿಗೆ ನಾನು ಈಗ ಮೊದಲು ಹೇಳುವುದು ಇದನ್ನೇ: ನಿಮ್ಮದೇ ಬಗೆಯ ಮನೆಯ ಗೋಡೆಯ ಮೇಲಿರುವ ದಾಖಲೆಯನ್ನು ಓದಿ. ಸಿಲಿಂಡರ್ ತಂದುಕೊಡುವ ಸ್ಥಳೀಯ ವ್ಯಾಪಾರಿಯನ್ನು ಕೇಳುವುದು ಅದರ ನಂತರದ ದಾರಿ.

ಜುಲೈ ಮಧ್ಯಕ್ಕೆ ಮುಂಚಿನ ಶನಿವಾರ, ಹತ್ತೂವರೆಗೆ ಆ ಎಂಜಿನಿಯರ್ ಬಂದರು. ಮಾಲೀಕರು ಬ್ರಿಸ್ಟಲ್‌ನಲ್ಲಿ ಫೋನಿನ ಬಳಿ ಇದ್ದರು. ಕೊಳವೆ ಜಾಲದಲ್ಲಿ ಒತ್ತಡ ಇಳಿಯುತ್ತದೆಯೇ ಎಂದು ನೋಡುವ ಸೋರಿಕೆ ಪರೀಕ್ಷೆ ತೇರ್ಗಡೆಯಾಯಿತು. ಗ್ಯಾಸ್ ಪೂರ್ತಿ ಉರಿಯುತ್ತಿದೆಯೇ ಎಂದು ತೋರಿಸುವ, ಬಾಯ್ಲರ್‌ನ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್‌ಗಳ ಅನುಪಾತ 0.004ರ ಮಿತಿಯೊಳಗೇ ಇತ್ತು. ಹೊರಗೋಡೆಯ ಮೇಲಿನ ಹೊಗೆಬಾಯಿಯ ಜಾಲರಿ ಮಾತ್ರ ಉಪ್ಪುಗಾಳಿಗೆ ತುಕ್ಕು ಹಿಡಿದು ಪುಡಿಯಾಗುತ್ತಿತ್ತು. ಒಲೆ ಸರಿಯಿತ್ತು. ನಿಜವಾದ ತೊಂದರೆ ಕಂಡದ್ದು ಕುಳಿತುಕೊಳ್ಳುವ ಕೋಣೆಯ ಗ್ಯಾಸ್ ಬೆಂಕಿಯಲ್ಲಿ. ಬಾಗಿಲು ಕಿಟಕಿ ಮುಚ್ಚಿ, ಬೆಂಕಿ ಹೊತ್ತಿಸಿ, ಅಗ್ಗಿಷ್ಟಿಕೆಯ ಅಂಚಿನಲ್ಲಿ ಹೊಗೆಕಡ್ಡಿ ಹಿಡಿದಾಗ ಹೊಗೆ ಚಿಮಣಿಯೊಳಕ್ಕೆ ಎಳೆದುಕೊಳ್ಳದೆ ಕೋಣೆಗೆ ಮರಳಿ ಬಂತು. ಚಿಮಣಿಯೊಳಗೆ ಕಾಗೆಯ ಜಾತಿಗೆ ಸೇರಿದ ಜಾಕ್‌ಡಾ ಹಕ್ಕಿಗಳು ಕಡ್ಡಿ ಒಟ್ಟಿ ಗೂಡು ಕಟ್ಟಿದ್ದವು. ಇದು ಸಾಲದೆಂಬಂತೆ ಆ ಬೆಂಕಿಗೆ ಬೇಕಾದ ಗಾಳಿಗೆಂದೇ ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿಗೆ, ಸಮುದ್ರದ ಕಡೆಯ ಗಾಳಿ ತಡೆಯಲಾರದೆ ಹಿಂದಿನ ಯಾರೋ ಅತಿಥಿಗಳು ಬಟ್ಟೆ ತುರುಕಿದ್ದರು.

ಹೊಗೆ ಹೀಗೆ ಕೋಣೆಗೆ ಮರಳುವುದು ಕಾಯಂ ವಾಸದ ಮನೆಗಿಂತ ರಜಾಮನೆಯಲ್ಲಿ ಏಕೆ ಹೆಚ್ಚು ಅಪಾಯಕಾರಿ ಎಂಬುದನ್ನು ಹೇಳಲೇಬೇಕು. ಸಿಲಿಂಡರಿನ ಗ್ಯಾಸಿಗೆ ಸೋರಿಕೆ ಗೊತ್ತಾಗಲೆಂದು ದುರ್ವಾಸನೆ ಬೆರೆಸಿರುತ್ತಾರೆ. ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು ಅದರ ಲಕ್ಷಣಗಳು. ಕಾಯಂ ವಾಸಿಗಳಿಗೆ ಮನೆಯಲ್ಲಿದ್ದಾಗಲೆಲ್ಲ ತಲೆ ನೋಯುತ್ತದೆ, ಹೊರಗೆ ಹೋದರೆ ಕಡಿಮೆಯಾಗುತ್ತದೆ ಎಂಬುದು ಒಂದು ದಿನ ಗಮನಕ್ಕೆ ಬರಬಹುದು. ಒಂದು ವಾರಕ್ಕೆಂದು ಬಂದವರು ಅದನ್ನು ಪ್ರಯಾಣದ ದಣಿವಿಗೋ ಬಿಸಿಲಿಗೋ ಹಿಂದಿನ ರಾತ್ರಿಯ ಮದ್ಯಕ್ಕೋ ಕಟ್ಟಿಬಿಡುತ್ತಾರೆ, ಶನಿವಾರ ಹೊರಟುಹೋಗುತ್ತಾರೆ, ಮುಂದಿನ ವಾರ ಬಂದವರಿಗೆ ಅದು ಹೊಸದಾಗಿ ಶುರುವಾಗುತ್ತದೆ. ಇವೆಲ್ಲವನ್ನೂ ಒಟ್ಟಿಗೆ ನೋಡುವ ಕಣ್ಣು ಯಾವುದೂ ಇರುವುದಿಲ್ಲ. 2006ರಲ್ಲಿ ಗ್ರೀಸಿನ ಕೊರ್ಫು ದ್ವೀಪದ ಹೋಟೆಲ್ ಬಂಗಲೆಯೊಂದರಲ್ಲಿ ರಜೆಗೆ ಹೋಗಿದ್ದ ಇಬ್ಬರು ಬ್ರಿಟಿಷ್ ಮಕ್ಕಳು ದೋಷಯುಕ್ತ ಬಾಯ್ಲರ್‌ನ ಕಾರ್ಬನ್ ಮೊನಾಕ್ಸೈಡ್‌ನಿಂದ ಸತ್ತದ್ದು ಈ ದೇಶದಲ್ಲಿ ಬಹಳ ಜನರ ನೆನಪಿನಲ್ಲಿದೆ. ನಮ್ಮ ಪ್ರಕರಣದ ಮನೆಯಲ್ಲಿ ಎಚ್ಚರಿಕೆಯ ಅಲಾರಂ ಇತ್ತು. ಅದರ ಮೇಲೆ ಅಚ್ಚಾಗಿದ್ದ ಬದಲಿಸಬೇಕಾದ ದಿನಾಂಕ ದಾಟಿ ಬಹಳ ಕಾಲವಾಗಿತ್ತು.

ಎಂಜಿನಿಯರ್ ಆ ಗ್ಯಾಸ್ ಬೆಂಕಿಯನ್ನು 'ತಕ್ಷಣದ ಅಪಾಯ' ಎಂಬ ವರ್ಗಕ್ಕೆ ಸೇರಿಸಿ, ಅದನ್ನು ಕೊಳವೆಯಿಂದ ಕಳಚಿ ಮುಚ್ಚಲು ಫೋನಿನಲ್ಲಿ ಅನುಮತಿ ಕೇಳಿದರು. ಸಂಜೆ ನಾಲ್ಕಕ್ಕೆ ಅತಿಥಿಗಳು ಬರುವವರಿದ್ದಾರೆ, ಒಂದು ವಾರ ಹಾಗೆಯೇ ಬಿಟ್ಟು 'ಬಳಸಬೇಡಿ' ಎಂದು ಚೀಟಿ ಅಂಟಿಸಿದರೆ ಆಗದೇ ಎಂದು ದಂಪತಿ ಕೇಳಿದರು. ಎಂಜಿನಿಯರ್ ಒಪ್ಪಲಿಲ್ಲ. ಅಪಾಯಕಾರಿಯೆಂದು ತಿಳಿದೂ ಉಪಕರಣವನ್ನು ಬಳಸುವುದು, ಬಳಸಲು ಬಿಡುವುದು ಅಪರಾಧವೆಂದೂ, ಗೋಡೆಯ ಗಾಳಿಕಿಂಡಿಗೆ ಬಟ್ಟೆ ತುರುಕುವ ಅತಿಥಿಗಳು ಚೀಟಿ ಓದುತ್ತಾರೆಂಬ ಭರವಸೆ ತಮಗಿಲ್ಲವೆಂದೂ ಹೇಳಿದರು. ಅನುಮತಿ ಸಿಕ್ಕಿತು, ಬೆಂಕಿಯನ್ನು ಕಳಚಿ, ಕೊಳವೆಯ ಬಾಯಿ ಮುಚ್ಚಿ, ಎಚ್ಚರಿಕೆಯ ಪಟ್ಟಿ ಕಟ್ಟಿದರು. ದಾಖಲೆಯಲ್ಲಿ ಬಾಯ್ಲರ್ ಮತ್ತು ಒಲೆ ಸುರಕ್ಷಿತ, ಬೆಂಕಿ ಅಸುರಕ್ಷಿತ ಮತ್ತು ಕಳಚಲಾಗಿದೆ ಎಂದು ಬರೆದರು. ದೋಷ ಬರೆದಿರುವ ದಾಖಲೆಯನ್ನು ಕಂಡು ಏಜೆನ್ಸಿ ಮೊದಲು ಹಿಂಜರಿಯಿತಾದರೂ, ಕಳಚಿದ ಉಪಕರಣ ಅಪಾಯವೊಡ್ಡದೆಂದು ಎಂಜಿನಿಯರ್ ಎರಡು ಸಾಲು ಬರೆದುಕೊಟ್ಟ ಮೇಲೆ ಒಪ್ಪಿತು. ಜುಲೈ ತಿಂಗಳಲ್ಲಿ ಬೆಂಕಿಯಿಲ್ಲದೆ ಯಾರಿಗೂ ಚಳಿಯಾಗಲಿಲ್ಲ.

ಸಿಲಿಂಡರ್‌ಗಳ ಕಡೆ ಎರಡು ಸಂಗತಿಗಳು ಉಳಿದವು. ರೆಗ್ಯುಲೇಟರ್ ಹತ್ತು ವರ್ಷ ದಾಟಿದ್ದು, ಅದರ ಮೈಯೂ ಗಾಳಿಯಾಡುವ ರಂಧ್ರವೂ ತುಕ್ಕು ಹಿಡಿದಿದ್ದವು; ಸಿಲಿಂಡರಿನಿಂದ ಅದಕ್ಕೆ ಸೇರುವ ರಬ್ಬರ್ ನಳಿಕೆಗಳು ಕೆಳಕ್ಕೆ ಜೋತುಬಿದ್ದಿದ್ದವು. ಪ್ರೊಪೇನ್‌ನಲ್ಲಿ ಸ್ವಲ್ಪ ಎಣ್ಣೆಯಂಥ ಜಿಡ್ಡು ಇರುತ್ತದೆ. ನಳಿಕೆ ಸಿಲಿಂಡರಿನಿಂದ ರೆಗ್ಯುಲೇಟರ್‌ನತ್ತ ಏರುಮುಖವಾಗಿದ್ದರೆ ಅದು ಹಿಂದಕ್ಕೆ ಇಳಿಯುತ್ತದೆ, ಜೋತುಬಿದ್ದರೆ ರೆಗ್ಯುಲೇಟರ್‌ಗೆ ಸೇರಿ ಅದನ್ನು ಕೆಡಿಸುತ್ತದೆ. ಮುಂದಿನ ಶನಿವಾರವೇ ಸಮುದ್ರತೀರಕ್ಕೆಂದು ಲೇಪನ ಮಾಡಿದ ರೆಗ್ಯುಲೇಟರ್ ಅನ್ನೂ ಹೊಸ ನಳಿಕೆಗಳನ್ನೂ ಹಾಕಿದರು. ಎರಡನೆಯದು ಇನ್ನಷ್ಟು ತೊಡಕಿನದು: ಓಣಿಯಲ್ಲಿ ಸಿಲಿಂಡರ್‌ಗಳಿಗೆ ಎರಡು ಮೀಟರ್ ಒಳಗೇ ನೀರಿನ ತಡೆಯಿಲ್ಲದ (ಅಂದರೆ ಅನಿಲ ಒಳಹೋಗದಂತೆ ನೀರು ನಿಲ್ಲುವ ಬಾಗು ಇಲ್ಲದ) ಚರಂಡಿಯ ಬಾಯಿ ಇತ್ತು. ಸೋರಿದ ಪ್ರೊಪೇನ್ ನೇರವಾಗಿ ಅದರೊಳಕ್ಕೆ ಇಳಿದೀತು.

ದಿನಾಂಕದ ವಿಷಯದಲ್ಲಿ ನನ್ನ ಸಲಹೆಯನ್ನು ದಂಪತಿ ಒಪ್ಪಿದರು. 2018ರ ಏಪ್ರಿಲ್‌ನಲ್ಲಿ ಬಂದ ತಿದ್ದುಪಡಿಯಂತೆ, ಹಿಂದಿನ ತಪಾಸಣೆಯಾಗಿ ಹತ್ತು ತಿಂಗಳ ನಂತರ ಹನ್ನೆರಡು ತಿಂಗಳೊಳಗೆ ಹೊಸ ತಪಾಸಣೆ ಮಾಡಿಸಿದರೆ ಹಳೆಯ ಗಡುವಿನ ದಿನಾಂಕವೇ ಮುಂದುವರಿಯುತ್ತದೆ. ಇದು ಅನುಕೂಲವೇ, ಆದರೆ ಗಡುವು ಜುಲೈನಲ್ಲಿರುವವರಿಗೆ ಅದು ಮೇ ತಿಂಗಳಿನಿಂದ ಜುಲೈವರೆಗಿನ ಅವಕಾಶವನ್ನಷ್ಟೇ ಕೊಡುತ್ತದೆ, ಅದೂ ಪ್ರವಾಸದ ಕಾಲವೇ. ಗಡುವನ್ನು ಅಲ್ಲಿಂದ ಕೀಳಬೇಕಾದರೆ ಹತ್ತು ತಿಂಗಳು ತುಂಬುವ ಮೊದಲೇ ಒಮ್ಮೆ ತಪಾಸಣೆ ಮಾಡಿಸಬೇಕು, ಆಗ ಲೆಕ್ಕ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಶುಲ್ಕ ಎರಡು ಸಲ ಬೀಳುತ್ತದೆಂಬುದು ನಿಜ. ಆದರೂ ಅದೇ ವರ್ಷ ನವೆಂಬರ್ ಮೊದಲ ವಾರ, ಶಾಲಾ ರಜೆ ಮುಗಿದು ಮನೆ ಖಾಲಿಯಾದ ಮೇಲೆ, ದಂಪತಿ ಮತ್ತೊಮ್ಮೆ ತಪಾಸಣೆ ಮಾಡಿಸಿದರು. ಜನವರಿಯನ್ನು ಆರಿಸದಿರಲು ಕಾರಣವಿದೆ: ಚಳಿ ಜೋರಾದ ಮೇಲೆ ಊರಿನ ವೃದ್ಧರ ಮನೆಗಳಲ್ಲಿ ಬಾಯ್ಲರ್ ಕೆಟ್ಟು ಎಂಜಿನಿಯರ್‌ಗೆ ಬಿಡುವಿರುವುದಿಲ್ಲ, ಇರಲೂಬಾರದು.

ಓಣಿಯ ಇನ್ನೂ ಕೆಲವು ಮನೆಗಳ ಮಾಲೀಕರಿಗೆ ಆ ಸ್ವಚ್ಛತಾ ಕೆಲಸದ ಮಹಿಳೆಯ ಮೂಲಕವೇ ವಿಷಯ ತಿಳಿದು, ಅವರೂ ಅದೇ ವಾರಕ್ಕೆ ಸೇರಿಕೊಂಡರು. ಅಷ್ಟೂ ಬೀಗದ ಕೈಗಳು ಆಕೆಯ ಬಳಿ ಇರುವುದರಿಂದ ಎಂಜಿನಿಯರ್ ಒಮ್ಮೆ ವ್ಯಾನ್ ನಿಲ್ಲಿಸಿ ಮನೆಯಿಂದ ಮನೆಗೆ ಹೋಗಬಹುದಾಗಿದೆ. ಅದಕ್ಕಾಗಿ ಆಕೆಗೂ ಪ್ರತ್ಯೇಕ ಸಂಭಾವನೆ ಕೊಡಬೇಕೆಂದು ನಾನು ಹೇಳಿದ್ದೆ, ಕೊಡುತ್ತಿದ್ದಾರೆ.

ಗ್ಯಾಸ್ ಬೆಂಕಿಯನ್ನು ಮತ್ತೆ ಜೋಡಿಸಲಿಲ್ಲ. 1981ರ ವನ್ಯಜೀವಿ ಕಾಯಿದೆಯಂತೆ ಹಕ್ಕಿಗಳು ಬಳಸುತ್ತಿರುವ ಗೂಡನ್ನು ಕೀಳುವಂತಿಲ್ಲವಾದ್ದರಿಂದ, ಮರಿಗಳು ಹಾರಿಹೋಗಿರುವುದನ್ನು ಖಚಿತಪಡಿಸಿಕೊಂಡು ಶರತ್ಕಾಲದಲ್ಲಿ ಚಿಮಣಿ ಗುಡಿಸಿ, ತುದಿಗೆ ಜಾಲರಿ ಹಾಕಿಸಿದರು. ಅಲಾರಂ ಹೊಸದು ಬಂದಿದೆ. ಏಜೆನ್ಸಿಯೊಂದಿಗಿನ ಕರಾರಿಗೆ, ಗಡುವಿಗೆ ಹತ್ತು ವಾರ ಮೊದಲು ಮಾಲೀಕರಿಗೆ ಲಿಖಿತವಾಗಿ ನೆನಪಿಸತಕ್ಕದ್ದೆಂಬ ಒಂದು ಷರತ್ತನ್ನು ಸೇರಿಸಲಾಗಿದೆ; ತಪಾಸಣೆಯ ಹೊಣೆ ಮಾತ್ರ ಮೊದಲಿನಂತೆ ಮಾಲೀಕರದೇ.

ಬಗೆಹರಿಯದೆ ಉಳಿದಿರುವುದು ಚರಂಡಿ. ಅದರ ಬಾಯಿ ಪಕ್ಕದವರ ಜಾಗದಲ್ಲಿದ್ದು, ಅದಕ್ಕೆ ನೀರಿನ ತಡೆ ಹಾಕಲು ಅವರ ಒಪ್ಪಿಗೆ ಬೇಕು. ಅವರು ಲಂಡನ್‌ನಲ್ಲಿದ್ದಾರೆ, ಪತ್ರಕ್ಕೆ ಉತ್ತರ ಬಂದಿಲ್ಲ. ಅವರು ಒಪ್ಪದಿದ್ದರೆ ಸಿಲಿಂಡರ್‌ಗಳನ್ನು ಓಣಿಯ ಮೇಲ್ತುದಿಗೆ ಸರಿಸಿ ಕೊಳವೆಯನ್ನು ಉದ್ದ ಮಾಡಬೇಕಾಗುತ್ತದೆ, ಅದರ ಅಂದಾಜನ್ನು ಎಂಜಿನಿಯರ್ ಆಗಲೇ ಬರೆದುಕೊಟ್ಟಿದ್ದಾರೆ.